ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ವಿಜ್ಞಾನ: ಎಷ್ಟು ವಿವರಿಸಬೇಕು, ಎಷ್ಟನ್ನು ಅವರೇ ನೋಡಲು ಬಿಡಬೇಕು?

ಎರಡನೇ ತರಗತಿಯ ಶಿಕ್ಷಕಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಬಹುದಿನಗಳಿಂದ ಮನಸ್ಸಿನಲ್ಲಿರುವ ಪ್ರಶ್ನೆಯೊಂದನ್ನು ಇಲ್ಲಿ ಇಡುತ್ತಿದ್ದೇನೆ. "ಸಸ್ಯಗಳು ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳುತ್ತವೆ" ಎಂಬ ವಾಕ್ಯ ನಮ್ಮ ತರಗತಿಯ ಮಕ್ಕಳಿಗೆ ಬಾಯಿಪಾಠವಾಗಿದೆ. ಯಾರನ್ನು ಕೇಳಿದರೂ ಒಂದಕ್ಷರ ತಪ್ಪದೆ ಹೇಳುತ್ತಾರೆ. ಆದರೆ ಅದೇ ಮಕ್ಕಳನ್ನು ಕುಂಡದ ಮುಂದೆ ನಿಲ್ಲಿಸಿ, ಈ ಗಿಡ ಏನು ತಿಂದು ಇಷ್ಟು ಎತ್ತರವಾಯಿತು ಎಂದು ಕೇಳಿದರೆ, ಹೆಚ್ಚಿನವರು "ಮಣ್ಣು" ಎನ್ನುತ್ತಾರೆ, ಕೆಲವರು "ನೀರು" ಎನ್ನುತ್ತಾರೆ. ಬಾಯಿಪಾಠದ ಉತ್ತರವೂ ಮನಸ್ಸಿನ ಉತ್ತರವೂ ಒಂದೇ ಮಗುವಿನಲ್ಲಿ ಒಂದನ್ನೊಂದು ಮುಟ್ಟದೆ ಇರುವುದು ನನ್ನನ್ನು ಕಾಡುತ್ತಿದೆ.

ಸಹೋದ್ಯೋಗಿಗಳಲ್ಲಿ ಕೆಲವರ ಪ್ರಕಾರ ಈ ವಯಸ್ಸಿನಲ್ಲಿ ಸರಿಯಾದ ವಾಕ್ಯವನ್ನು ಕಲಿಸಿಬಿಟ್ಟರೆ ಸಾಕು, ಅರ್ಥ ಮುಂದಿನ ತರಗತಿಗಳಲ್ಲಿ ತಾನಾಗಿ ಬರುತ್ತದೆ. ಇನ್ನು ಕೆಲವರ ಪ್ರಕಾರ ಏನನ್ನೂ ಹೇಳದೆ ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಅವರೇ ಎಲ್ಲವನ್ನೂ ಕಂಡುಕೊಳ್ಳುತ್ತಾರೆ. ಎರಡರಲ್ಲೂ ಏನೋ ಕೊರತೆ ಇದೆ ಎಂದು ನನಗೆ ಅನಿಸುತ್ತದೆ. ಆರರಿಂದ ಎಂಟು ವರ್ಷದ ಮಕ್ಕಳಿಗೆ ಕಾರಣವನ್ನು ಎಲ್ಲಿಯವರೆಗೆ ವಿವರಿಸಬೇಕು, ಅವರು ತಪ್ಪು ಉತ್ತರ ಕೊಟ್ಟಾಗ ತಕ್ಷಣ ತಿದ್ದಬೇಕೆ, ಮಕ್ಕಳ ಸಂಖ್ಯೆ ಹೆಚ್ಚಿರುವ ತರಗತಿಯಲ್ಲಿ ಇದನ್ನೆಲ್ಲ ಮಾಡುವುದು ಹೇಗೆ, ಅನುಭವ ಇರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಶಿಕ್ಷಕರ ತರಬೇತಿಯಲ್ಲಿ ತೊಡಗಿರುವವರು

ಮೇಡಂ, ನೀವು ಗಮನಿಸಿರುವುದು ಮಕ್ಕಳ ವಿಜ್ಞಾನ ಕಲಿಕೆಯ ಮುಖ್ಯ ಸಂಗತಿಯನ್ನೇ. ಮಕ್ಕಳು ತರಗತಿಗೆ ಖಾಲಿ ಮನಸ್ಸಿನಿಂದ ಬರುವುದಿಲ್ಲ. ನೆರಳು, ಮಳೆ, ಗಿಡ, ಚಂದ್ರ, ಬಿಸಿ, ತಂಪು ಎಲ್ಲದರ ಬಗ್ಗೆಯೂ ತಮ್ಮದೇ ಆದ ವಿವರಣೆಗಳನ್ನು ಕಟ್ಟಿಕೊಂಡೇ ಬಂದಿರುತ್ತಾರೆ. ನಾವು ಹೇಳುವ ವಾಕ್ಯ ಆ ವಿವರಣೆಯನ್ನು ಅಳಿಸುವುದಿಲ್ಲ. ಎಷ್ಟೋ ಸಲ ಅದರೊಂದಿಗೆ ಬೆರೆತು ಮೂರನೆಯದೊಂದು ಕಲ್ಪನೆ ಹುಟ್ಟುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಸ್ಟೆಲ್ಲಾ ವೋಸ್ನಿಯಾಡು ಮತ್ತು ವಿಲಿಯಂ ಬ್ರೂವರ್ 1992ರಲ್ಲಿ ಪ್ರಕಟಿಸಿದ ಅಧ್ಯಯನ. ಅವರು ಒಂದು, ಮೂರು ಮತ್ತು ಐದನೇ ತರಗತಿಯ 60 ಮಕ್ಕಳೊಂದಿಗೆ ಭೂಮಿಯ ಆಕಾರದ ಬಗ್ಗೆ ಮಾತನಾಡಿದರು. ಭೂಮಿ ಗುಂಡಗಿದೆ ಎಂಬ ಮಾತು ಮಕ್ಕಳಿಗೆ ತಿಳಿದಿತ್ತು. ಆದರೆ ಬಿಡಿಸಿ ಬಿಡಿಸಿ ಕೇಳಿದಾಗ, ಕೆಲವರ ಮನಸ್ಸಿನಲ್ಲಿ ಅದು ತಟ್ಟೆಯಂತೆ ಗುಂಡಗಿತ್ತು; ಕೆಲವರ ಪ್ರಕಾರ ಭೂಮಿ ಒಂದು ಟೊಳ್ಳು ಗೋಳ, ಜನ ಅದರ ಒಳಗಿನ ಸಮತಟ್ಟಾದ ನೆಲದ ಮೇಲೆ ವಾಸಿಸುತ್ತಾರೆ; ಇನ್ನು ಕೆಲವರ ಪ್ರಕಾರ ಎರಡು ಭೂಮಿಗಳಿವೆ, ಒಂದು ನಾವು ನಿಂತಿರುವುದು, ಇನ್ನೊಂದು ಆಕಾಶದಲ್ಲಿರುವ ಗುಂಡನೆಯದು. ತಾವು ಕಣ್ಣಾರೆ ಕಂಡ ಸಮತಟ್ಟಾದ ನೆಲವನ್ನೂ ದೊಡ್ಡವರು ಹೇಳಿದ ಗುಂಡನೆಯ ಭೂಮಿಯನ್ನೂ ಹೊಂದಿಸಲು ಮಕ್ಕಳು ಮಾಡಿರುವ ಪ್ರಾಮಾಣಿಕ ಪ್ರಯತ್ನ ಇದು. ಇದನ್ನು ಅಜ್ಞಾನವೆಂದು ತಳ್ಳಿಹಾಕದೆ ಆಲೋಚನೆಯೆಂದು ಗೌರವಿಸುವ ಶಿಕ್ಷಕರ ಮುಂದೆ ಮಾತ್ರ ಮಗು ಅದನ್ನು ಬಾಯಿಬಿಟ್ಟು ಹೇಳುತ್ತದೆ.

ಆದ್ದರಿಂದ ನಾನು ತರಬೇತಿಯಲ್ಲಿ ಒಂದು ಕ್ರಮವನ್ನು ಬಲವಾಗಿ ಶಿಫಾರಸು ಮಾಡುತ್ತೇನೆ. ಮೊದಲು ಮಗು ಊಹಿಸಬೇಕು, ಆ ಊಹೆಯನ್ನು ಎಲ್ಲರೆದುರು ಹೇಳಬೇಕು ಅಥವಾ ಚಿತ್ರ ಬರೆಯಬೇಕು, ಆಮೇಲೆ ನೋಡಬೇಕು, ಕೊನೆಯಲ್ಲಿ ಊಹೆಗೂ ಕಂಡದ್ದಕ್ಕೂ ಇರುವ ಅಂತರದ ಬಗ್ಗೆ ಮಾತನಾಡಬೇಕು. ಮಂಜುಗಡ್ಡೆಯ ಎರಡು ಸಮನಾದ ತುಂಡುಗಳನ್ನು ತೆಗೆದುಕೊಳ್ಳಿ. ಒಂದನ್ನು ಉಣ್ಣೆಯ ಬಟ್ಟೆಯಲ್ಲಿ ಸುತ್ತಿ, ಇನ್ನೊಂದನ್ನು ಹಾಗೆಯೇ ತಟ್ಟೆಯಲ್ಲಿಡಿ. ಯಾವುದು ಮೊದಲು ಕರಗುತ್ತದೆ ಎಂದು ಕೇಳಿದರೆ ಮಕ್ಕಳು ಸಾಮಾನ್ಯವಾಗಿ ಉಣ್ಣೆಯಲ್ಲಿರುವುದನ್ನೇ ತೋರಿಸುತ್ತಾರೆ, ಏಕೆಂದರೆ ಅವರ ಅನುಭವದಲ್ಲಿ ಉಣ್ಣೆ ಬೆಚ್ಚಗೆ ಮಾಡುವ ವಸ್ತು. ಬಿಚ್ಚಿ ನೋಡಿದಾಗ ಸುತ್ತಿಟ್ಟ ತುಂಡೇ ದೊಡ್ಡದಾಗಿ ಉಳಿದಿರುತ್ತದೆ. ಆ ಕ್ಷಣದಲ್ಲಿ ತರಗತಿಯಲ್ಲಿ ಏಳುವ ಗದ್ದಲವೇ ಪಾಠದ ತಿರುಳು. ಶಾಖ ಹೊರಗಿನಿಂದ ಒಳಕ್ಕೆ ಹರಿಯುವುದನ್ನು ಉಣ್ಣೆಯಲ್ಲಿ ಸಿಕ್ಕಿಬಿದ್ದ ಗಾಳಿ ನಿಧಾನಗೊಳಿಸುತ್ತದೆ ಎಂಬ ಪೂರ್ಣ ವಿವರಣೆ ಎರಡನೇ ತರಗತಿಗೆ ಬೇಕಿಲ್ಲ. "ಉಣ್ಣೆ ತಾನಾಗಿ ಬಿಸಿ ಕೊಡುವುದಿಲ್ಲ, ಬಿಸಿ ಒಳಗೆ ಹೋಗುವುದನ್ನೂ ಹೊರಗೆ ಬರುವುದನ್ನೂ ತಡೆಯುತ್ತದೆ" ಎಂಬಷ್ಟು ಸಾಕು. ಅಷ್ಟನ್ನು ಅವರು ಕಂಡ ಸಾಕ್ಷ್ಯ ಹೊರಬಲ್ಲದು. ಅದಕ್ಕಿಂತ ಹೆಚ್ಚಿನದು ಮತ್ತೆ ಬಾಯಿಪಾಠವಾಗುತ್ತದೆ.

ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರವೂ ಇದೇ: ಮಗುವಿನ ಕೈಗೆ ಸಿಕ್ಕ ಸಾಕ್ಷ್ಯ ಎಲ್ಲಿಯವರೆಗೆ ಒಯ್ಯುತ್ತದೆಯೋ ಅಲ್ಲಿಯವರೆಗೆ ವಿವರಿಸಿ.

ಮೂರನೇ ತರಗತಿಯ ಮಗುವಿನ ತಂದೆ

ಶಿಕ್ಷಕರ ಮಾತನ್ನು ಗೌರವದಿಂದ ಓದಿದೆ, ಆದರೆ ನನ್ನ ಆತಂಕವನ್ನು ಹೇಳಲೇಬೇಕು. ಮನುಷ್ಯಕುಲಕ್ಕೆ ಶತಮಾನಗಳು ಹಿಡಿದ ಸಂಗತಿಗಳನ್ನು ಒಂದು ಮಗು ನಲವತ್ತು ನಿಮಿಷದ ಅವಧಿಯಲ್ಲಿ ತಾನೇ ಕಂಡುಹಿಡಿಯಬೇಕು ಎಂದು ನಿರೀಕ್ಷಿಸುವುದು ನ್ಯಾಯವೇ? ಗಿಡ ಮಣ್ಣನ್ನು ತಿಂದು ಬೆಳೆಯುವುದಿಲ್ಲ ಎಂದು ತೋರಿಸಲು ಯಾನ್ ಬ್ಯಾಪ್ಟಿಸ್ಟ್ ವಾನ್ ಹೆಲ್ಮಾಂಟ್ ಎಂಬ ವಿದ್ವಾಂಸರು ಕುಂಡದಲ್ಲಿ ವಿಲೋ ಗಿಡವೊಂದನ್ನು ಐದು ವರ್ಷ ಬೆಳೆಸಿದರು. ಸುಮಾರು 2.3 ಕಿಲೋಗ್ರಾಂ ಇದ್ದ ಗಿಡ ಸುಮಾರು 77 ಕಿಲೋಗ್ರಾಂ ಆಯಿತು, ಮಣ್ಣಿನ ತೂಕ ಮಾತ್ರ ಸುಮಾರು 57 ಗ್ರಾಂ ಅಷ್ಟೇ ಕಡಿಮೆಯಾಯಿತು. ಈ ಫಲಿತಾಂಶ ಅವರ ಮರಣಾನಂತರ 1648ರಲ್ಲಿ ಪ್ರಕಟವಾಯಿತು. ಇಷ್ಟು ಜಾಗರೂಕರಾಗಿದ್ದ ಅವರೂ ಗಿಡದ ತೂಕವೆಲ್ಲ ನೀರಿನಿಂದಲೇ ಬಂದದ್ದು ಎಂದು ತೀರ್ಮಾನಿಸಿದರು. ಗಾಳಿಯ ಪಾತ್ರ ಅವರಿಗೆ ಹೊಳೆಯಲಿಲ್ಲ. ಅಂಥವರಿಗೇ ದಕ್ಕದ ಉತ್ತರವನ್ನು ಏಳು ವರ್ಷದ ಮಗುವಿಗೆ ನಾವು ನೇರವಾಗಿ ಹೇಳಿಕೊಡದಿದ್ದರೆ, ಅದು ತಪ್ಪು ಕಲ್ಪನೆಯನ್ನೇ ಗಟ್ಟಿಮಾಡಿಕೊಂಡು ಬೆಳೆಯುವುದಿಲ್ಲವೇ?

ಮಕ್ಕಳ ಕಲಿಕೆಯ ಬಗ್ಗೆ ಸಂಶೋಧನೆ ಮಾಡುವವರು

ಸರ್, ನಿಮ್ಮ ಆತಂಕಕ್ಕೆ ಆಧಾರವಿದೆ, ಮತ್ತು ಅದನ್ನು ಎತ್ತಿದ್ದು ಒಳ್ಳೆಯದಾಯಿತು. ಮಕ್ಕಳನ್ನು ಸಂಪೂರ್ಣವಾಗಿ ಅವರ ಪಾಡಿಗೆ ಬಿಡುವುದಕ್ಕೆ ಸಂಶೋಧನೆಯ ಬೆಂಬಲ ಇಲ್ಲ. 2004ರಲ್ಲಿ ಡೇವಿಡ್ ಕ್ಲಾರ್ ಮತ್ತು ಮಿಲೇನಾ ನಿಗಮ್ ಮೂರು ಹಾಗೂ ನಾಲ್ಕನೇ ತರಗತಿಯ ಮಕ್ಕಳಿಗೆ ಇಳಿಜಾರುಗಳನ್ನೂ ಚೆಂಡುಗಳನ್ನೂ ಕೊಟ್ಟು, ಚೆಂಡು ಎಷ್ಟು ದೂರ ಉರುಳುತ್ತದೆ ಎಂಬುದನ್ನು ಯಾವ ಅಂಶ ನಿರ್ಧರಿಸುತ್ತದೆ ಎಂದು ಪರೀಕ್ಷಿಸಲು ಹೇಳಿದರು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಬೇಕು ಎಂಬ ವಿಧಾನವನ್ನು ಉದಾಹರಣೆಗಳೊಂದಿಗೆ ಹೇಳಿಕೊಟ್ಟ ಗುಂಪಿನಲ್ಲಿ ನಾಲ್ವರಲ್ಲಿ ಸುಮಾರು ಮೂವರು ಅದನ್ನು ಚೆನ್ನಾಗಿ ಕಲಿತರು. ತಾವೇ ಕಂಡುಕೊಳ್ಳಲಿ ಎಂದು ಬಿಟ್ಟ ಗುಂಪಿನಲ್ಲಿ ಕಲಿತವರು ನಾಲ್ವರಲ್ಲಿ ಒಬ್ಬರಿಗಿಂತಲೂ ಸ್ವಲ್ಪ ಕಡಿಮೆ.

ಇದರ ಪಕ್ಕದಲ್ಲಿ 2011ರಲ್ಲಿ ಎಲಿಜಬೆತ್ ಬೊನಾವಿಟ್ಜ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನು ಇಟ್ಟು ನೋಡಬೇಕು. ಶಾಲೆಗೆ ಇನ್ನೂ ಸೇರದ ಮಕ್ಕಳಿಗೆ ಹಲವು ಚಮತ್ಕಾರಗಳಿರುವ ಒಂದು ಆಟಿಕೆಯನ್ನು ಕೊಟ್ಟರು. ದೊಡ್ಡವರು "ಇದು ಹೀಗೆ ಕೆಲಸ ಮಾಡುತ್ತದೆ" ಎಂದು ಅದರ ಒಂದೇ ಒಂದು ಗುಣವನ್ನು ಪಾಠದಂತೆ ತೋರಿಸಿಕೊಟ್ಟಾಗ, ಮಕ್ಕಳು ಅದಷ್ಟನ್ನೇ ಮತ್ತೆ ಮತ್ತೆ ಮಾಡಿದರು, ಉಳಿದವನ್ನು ಹುಡುಕುವ ಗೋಜಿಗೆ ಹೆಚ್ಚು ಹೋಗಲಿಲ್ಲ. ಹಾಗೆ ತೋರಿಸಿಕೊಡದಿದ್ದಾಗ ಹೆಚ್ಚು ಹುಡುಕಿದರು, ಹೆಚ್ಚು ಕಂಡುಕೊಂಡರು. ದೊಡ್ಡವರು ಹೇಳಿ ಮುಗಿಸಿದ ಮೇಲೆ ಇನ್ನೇನೂ ಉಳಿದಿಲ್ಲ ಎಂದು ಮಗು ತಿಳಿಯುತ್ತದೆ.

ಎರಡನ್ನೂ ಒಟ್ಟಿಗೆ ಓದಿದರೆ ನನಗೆ ತೋರುವುದು ಇಷ್ಟು: ಹೇಗೆ ಹುಡುಕಬೇಕು ಎಂಬುದನ್ನು ಸ್ಪಷ್ಟವಾಗಿ ಕಲಿಸಬೇಕು, ಏನು ಸಿಗುತ್ತದೆ ಎಂಬುದನ್ನು ಮುಂಚಿತವಾಗಿ ಹೇಳಬಾರದು. ವಿಧಾನವನ್ನು ಕಲಿಸುವುದು ಕಷ್ಟವೂ ಅಲ್ಲ. ಒಬ್ಬರ ಕಾಗದದ ವಿಮಾನವನ್ನು ಮೇಜಿನ ಮೇಲೆ ನಿಂತು, ಇನ್ನೊಬ್ಬರದನ್ನು ನೆಲದ ಮೇಲೆ ನಿಂತು ಹಾರಿಸಿ, ಯಾವುದು ಒಳ್ಳೆಯ ವಿಮಾನ ಎಂದು ಕೇಳಿ ನೋಡಿ. "ಇದು ಮೋಸ" ಎಂದು ಮಕ್ಕಳೇ ಕೂಗುತ್ತಾರೆ. ಆಟದಲ್ಲಿ ಅವರಿಗೆ ಈಗಾಗಲೇ ಇರುವ ನ್ಯಾಯದ ಪ್ರಜ್ಞೆಯನ್ನೇ ಪ್ರಯೋಗಕ್ಕೆ ಕರೆತಂದರೆ ಸಾಕು, ಚರಾಂಶಗಳ ನಿಯಂತ್ರಣ ಎಂಬ ಪದವನ್ನು ಬಳಸಬೇಕಾದ ಅಗತ್ಯವೇ ಇರುವುದಿಲ್ಲ.

ವಾನ್ ಹೆಲ್ಮಾಂಟರ ಉದಾಹರಣೆಯನ್ನು ನೀವು ಕೊಟ್ಟಿದ್ದೀರಿ. ನಾನು ಅದರಿಂದ ಬೇರೆ ತೀರ್ಮಾನಕ್ಕೆ ಬರುತ್ತೇನೆ. ಅಷ್ಟು ಕಷ್ಟದ ಉತ್ತರವನ್ನು ಎರಡನೇ ತರಗತಿಯಲ್ಲಿ ಕೇಳುವುದೇ ಸರಿಯಲ್ಲ. ಗಾಳಿಗೂ ತೂಕವಿದೆ ಎಂಬುದು ಮನಸ್ಸಿಗೆ ಬಾರದ ಮಗುವಿಗೆ, ಗಿಡದ ಒಡಲು ಬಹುಪಾಲು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಮತ್ತು ನೀರಿನಿಂದ ಕಟ್ಟಲ್ಪಟ್ಟಿದೆ ಎಂದರೆ ನಂಬುವುದಕ್ಕೆ ಯಾವ ಆಧಾರವೂ ಇರುವುದಿಲ್ಲ. ಗಿಡಕ್ಕೆ ಬೆಳಕು ಬೇಕು, ನೀರು ಬೇಕು, ಅವಿಲ್ಲದಿದ್ದರೆ ಹೀಗೆ ಆಗುತ್ತದೆ ಎಂಬುದನ್ನು ಅದು ಕಣ್ಣಾರೆ ಕಂಡು ತಿಳಿದಿದ್ದರೆ, ಮುಂದೊಂದು ದಿನ ದ್ಯುತಿಸಂಶ್ಲೇಷಣೆಯ ಪಾಠ ಬಂದಾಗ ನಿಲ್ಲಲು ನೆಲ ಸಿಗುತ್ತದೆ.

ದೊಡ್ಡ ತರಗತಿಯನ್ನು ನಡೆಸುವ ಶಿಕ್ಷಕರು

ನಾನು ಬೀಜದ ಪ್ರಯೋಗದ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ಮೇಲೆ ಹೇಳಿದ ಎಲ್ಲವೂ ಒಂದೇ ಕಡೆ ಕೂಡಿಬರುವುದನ್ನು ನಾನು ಅಲ್ಲಿ ಕಂಡಿದ್ದೇನೆ. ಒದ್ದೆ ಹತ್ತಿಯ ಮೇಲೆ ಬೀನ್ಸ್ ಬೀಜವಿಟ್ಟು ಮೊಳಕೆ ಬರಿಸುವುದನ್ನು ಎಲ್ಲ ಶಾಲೆಗಳಲ್ಲೂ ಮಾಡುತ್ತಾರೆ, ಆದರೆ ಸಾಮಾನ್ಯವಾಗಿ ಅದಕ್ಕೆ ಪ್ರಶ್ನೆಯೇ ಇರುವುದಿಲ್ಲ. ಬೀಜ ಇಟ್ಟರು, ಮೊಳಕೆ ಬಂತು, ಚಿತ್ರ ಬರೆದರು, ಮುಗಿಯಿತು. ನಾನು ಅದನ್ನು ಪ್ರಶ್ನೆಯಿಂದ ಆರಂಭಿಸುತ್ತೇನೆ: ಬೀಜ ಮೊಳೆಯಲು ಬೆಳಕು ಬೇಕೇ? ಹೆಚ್ಚಿನ ಮಕ್ಕಳು ಬೇಕೇ ಬೇಕು ಎನ್ನುತ್ತಾರೆ. ಕೈ ಎತ್ತಿಸಿ, ಎರಡೂ ಪಕ್ಷದವರ ಸಂಖ್ಯೆಯನ್ನು ಕರಿಹಲಗೆಯ ಮೂಲೆಯಲ್ಲಿ ಬರೆದು ಅಳಿಸದಂತೆ ಕಾಯ್ದುಕೊಳ್ಳುತ್ತೇನೆ.

ಆಮೇಲೆ ಪ್ರತಿ ಗುಂಪಿಗೂ ಎರಡು ಬಟ್ಟಲು. ಒಂದೇ ಬಗೆಯ ಬೀಜ, ಅಷ್ಟೇ ಹತ್ತಿ, ಅಷ್ಟೇ ನೀರು; ಒಂದು ಕಿಟಕಿಯ ಬಳಿ, ಇನ್ನೊಂದು ಮುಚ್ಚಿದ ಕಪಾಟಿನಲ್ಲಿ. ಕೆಲವೇ ದಿನಗಳಲ್ಲಿ ಎರಡೂ ಕಡೆ ಮೊಳಕೆ ಬರುತ್ತದೆ. ಬೆಳಕು ಬೇಕೆಂದವರಿಗೆ ಆಶ್ಚರ್ಯವಾಗುತ್ತದೆ. ಇಷ್ಟಕ್ಕೇ ನಿಲ್ಲಿಸಿದರೆ ಗಿಡಕ್ಕೆ ಬೆಳಕೇ ಬೇಡ ಎಂಬ ಹೊಸ ತಪ್ಪು ಕಲ್ಪನೆ ಹುಟ್ಟಿಕೊಳ್ಳುವ ಅಪಾಯವಿದೆ, ಆದ್ದರಿಂದ ನಿಲ್ಲಿಸಬಾರದು. ಇನ್ನೂ ಕೆಲವು ದಿನ ಕಾದರೆ ಕತ್ತಲೆಯಲ್ಲಿದ್ದ ಸಸಿಗಳು ಬೆಳಕಿನಲ್ಲಿದ್ದವುಗಳಿಗಿಂತ ಉದ್ದವಾಗಿ ಬೆಳೆದಿರುತ್ತವೆ, ಆದರೆ ಕಾಂಡ ತೆಳ್ಳಗೆ, ಎಲೆ ಹಳದಿ, ನಿಲ್ಲುವ ಶಕ್ತಿಯಿಲ್ಲ. ಈ ಹಂತದಲ್ಲಿ ಒಂದು ಸುಂದರ ವಾದ ನಡೆಯುತ್ತದೆ: ಉದ್ದವಾಗಿರುವುದೇ ಚೆನ್ನಾಗಿ ಬೆಳೆದ ಗಿಡವೇ? ಅಳತೆಪಟ್ಟಿಯ ಸಂಖ್ಯೆ ಒಂದು ಹೇಳುತ್ತದೆ, ಕಣ್ಣು ಇನ್ನೊಂದು ಹೇಳುತ್ತದೆ. ಬೀಜದಳಗಳಲ್ಲಿ ಕೂಡಿಟ್ಟಿದ್ದ ಆಹಾರ ತೀರಿದ ಮೇಲೆ ಕತ್ತಲೆಯ ಸಸಿಗಳು ಬಾಡುತ್ತವೆ. ಬೀಜದಳಗಳು ದಿನೇ ದಿನೇ ಸುಕ್ಕುಗಟ್ಟಿ ಚಿಕ್ಕದಾಗುವುದನ್ನು ಮಕ್ಕಳು ಗಮನಿಸಿರುತ್ತಾರೆ, ಹಾಗಾಗಿ "ತಾಯಿ ಗಿಡ ಕೊಟ್ಟ ಬುತ್ತಿ ಖಾಲಿಯಾಯಿತು" ಎಂದರೆ ತಕ್ಷಣ ಅರ್ಥವಾಗುತ್ತದೆ. ಬಾಡುವ ಮೊದಲು ಕೆಲವು ಸಸಿಗಳನ್ನು ಬೆಳಕಿಗೆ ತಂದಿಟ್ಟು ಅವು ಹಸಿರಾಗುವುದನ್ನೂ ತೋರಿಸಿ.

ದೊಡ್ಡ ತರಗತಿಯ ಬಗ್ಗೆ ಕೇಳಿದ್ದೀರಿ. ಎಲ್ಲರಿಗೂ ಒಂದೇ ಸಮಯದಲ್ಲಿ ಪ್ರಯೋಗ ಮಾಡಿಸಲು ಹೋಗಬೇಡಿ. ಐದಾರು ಮಕ್ಕಳ ಗುಂಪುಗಳನ್ನು ಮಾಡಿ, ಒಂದು ಗುಂಪು ನಿಮ್ಮೊಂದಿಗೆ ಬೀಜ ಇಡುತ್ತಿರುವಾಗ ಉಳಿದವರಿಗೆ ಓದುವ ಅಥವಾ ಚಿತ್ರ ಬರೆಯುವ ಕೆಲಸ ಕೊಡಿ. ವಾರವಿಡೀ ಸರದಿಯಲ್ಲಿ ನಡೆಯಲಿ. ನೀರು ಹಾಕುವವರು, ಅಳೆಯುವವರು, ಬರೆಯುವವರು, ಸ್ವಚ್ಛ ಮಾಡುವವರು ಎಂದು ಕೆಲಸ ಹಂಚಿ, ಪ್ರತಿ ಸಲ ಬದಲಿಸಿ. ಇಲ್ಲದಿದ್ದರೆ ಚುರುಕಾದ ಒಂದು ಮಗುವೇ ಎಲ್ಲವನ್ನೂ ಮಾಡಿ ಉಳಿದವರು ನೋಡುತ್ತಾ ಕೂರುತ್ತಾರೆ. ಪ್ರತಿ ಗುಂಪಿನಲ್ಲೂ ಮೊಳೆಯದ ಬೀಜಗಳು ಇದ್ದೇ ಇರುತ್ತವೆ. ಅವನ್ನು ಗುಟ್ಟಾಗಿ ಎಸೆದುಬಿಡಬೇಡಿ. ಇಟ್ಟ ಬೀಜಗಳಲ್ಲಿ ಎಷ್ಟು ಮೊಳೆಯಲಿಲ್ಲ ಎಂದು ಲೆಕ್ಕ ಹಾಕುವುದೂ ಪಾಠವೇ.

ಎರಡನೇ ತರಗತಿಯ ಶಿಕ್ಷಕಿ

ಇಷ್ಟು ವಿವರವಾಗಿ ಬರೆದದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಕತ್ತಲೆಯ ಸಸಿಗಳನ್ನು ಬಾಡುವವರೆಗೂ ಇಡಬೇಕೆಂಬುದು ನನಗೆ ತುಂಬಾ ಉಪಯುಕ್ತವಾಗಿ ಕಂಡಿತು. ಈಗ ಇನ್ನೊಂದು ಪ್ರಶ್ನೆ. ಪ್ರಾಥಮಿಕ ಶಾಲೆಯ ಶಿಕ್ಷಕರಲ್ಲಿ ಅನೇಕರು ವಿಜ್ಞಾನವನ್ನು ವಿಶೇಷವಾಗಿ ಓದಿದವರಲ್ಲ. ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ ತಿಳಿಯದಿದ್ದಾಗ ಏನು ಮಾಡಬೇಕು? ಪುಸ್ತಕಗಳಲ್ಲಿರುವ ಚಟುವಟಿಕೆಗಳ ವಿವರಣೆ ಸರಿಯಿದೆಯೇ ಎಂದು ತಿಳಿಯುವುದು ಹೇಗೆ? ಉದಾಹರಣೆಗೆ, ನೀರಿರುವ ತಟ್ಟೆಯಲ್ಲಿ ಮೇಣದಬತ್ತಿ ಹಚ್ಚಿ ಮೇಲೆ ಗಾಜಿನ ಲೋಟ ಬೋರಲು ಹಾಕುವ ಪ್ರಯೋಗವನ್ನು ಎಷ್ಟೋ ಕಡೆ ನೋಡಿದ್ದೇನೆ. ಅದನ್ನು ಸಣ್ಣ ಮಕ್ಕಳಿಗೆ ತೋರಿಸಬಹುದೇ?

ಭೌತಶಾಸ್ತ್ರದ ಉಪನ್ಯಾಸಕರು

ಮೇಡಂ, ಮೇಣದಬತ್ತಿಯ ಪ್ರಯೋಗವನ್ನೇ ನೀವು ಕೇಳಿದ್ದು ಸೂಕ್ತವಾಯಿತು. ಬತ್ತಿ ಆರುತ್ತದೆ, ಲೋಟದೊಳಗೆ ನೀರು ಮೇಲೇರುತ್ತದೆ. ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಎಂದರೆ, ಗಾಳಿಯ ಐದನೇ ಒಂದು ಭಾಗವಾದ ಆಮ್ಲಜನಕ ಉರಿದು ಖಾಲಿಯಾಯಿತು, ಆ ಜಾಗಕ್ಕೆ ನೀರು ಬಂತು ಎಂಬುದು. ಈ ವಿವರಣೆ ಸರಿಯಲ್ಲ. ಆಮ್ಲಜನಕ ಪೂರ್ತಿ ಮುಗಿಯುವ ಮೊದಲೇ ಜ್ವಾಲೆ ಆರುತ್ತದೆ, ಮತ್ತು ಉರಿಯುವಾಗ ಇಂಗಾಲದ ಡೈಆಕ್ಸೈಡ್ ಹಾಗೂ ನೀರಾವಿ ಹುಟ್ಟುತ್ತವೆ. ನೀರು ಮೇಲೇರಲು ಮುಖ್ಯ ಕಾರಣ, ಜ್ವಾಲೆಯಿಂದ ಬಿಸಿಯಾಗಿ ಹಿಗ್ಗಿದ್ದ ಗಾಳಿ ಜ್ವಾಲೆ ಆರಿದ ಮೇಲೆ ತಣ್ಣಗಾಗಿ ಕುಗ್ಗುವುದು. ಎರಡು ಸಾಕ್ಷ್ಯಗಳನ್ನು ಯಾರು ಬೇಕಾದರೂ ನೋಡಬಹುದು: ನೀರು ಬಹುಪಾಲು ಏರುವುದು ಬತ್ತಿ ಆರಿದ ನಂತರ, ಒಂದರ ಬದಲು ಮೂರು ಬತ್ತಿ ಇಟ್ಟರೆ ಲೋಟದಲ್ಲಿನ ಆಮ್ಲಜನಕ ಹೆಚ್ಚದಿದ್ದರೂ ನೀರು ಇನ್ನೂ ಮೇಲೆ ಏರುತ್ತದೆ.

ಸಣ್ಣ ಮಕ್ಕಳ ತರಗತಿಗೆ ನಾನು ಈ ಪ್ರಯೋಗವನ್ನು ಬೇಡವೆನ್ನುತ್ತೇನೆ. ಬೆಂಕಿ ಒಂದು ಕಾರಣ. ಅದಕ್ಕಿಂತ ಮುಖ್ಯವಾಗಿ, ಕಣ್ಣಿಗೆ ಕಾಣುವುದಕ್ಕೂ ಕೊಡಬೇಕಾದ ವಿವರಣೆಗೂ ನಡುವೆ ಆರು ವರ್ಷದ ಮಗು ದಾಟಲಾಗದಷ್ಟು ಅಂತರವಿದೆ. ಅಡುಗೆ ಸೋಡಾ ಮತ್ತು ವಿನೆಗರ್ ಸೇರಿಸಿ ಜ್ವಾಲಾಮುಖಿ ಉಕ್ಕಿಸುವುದಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅದು ಮಕ್ಕಳಿಗೆ ಬಹಳ ಇಷ್ಟ, ಆದರೆ ಉಕ್ಕಿದ ಮೇಲೆ ಅವರಲ್ಲಿ ಉಳಿಯುವುದು ಮತ್ತೊಮ್ಮೆ ಉಕ್ಕಿಸಿ ಎಂಬ ಬೇಡಿಕೆ ಮಾತ್ರ. ನಿಜವಾದ ಜ್ವಾಲಾಮುಖಿಯೂ ಹಾಗೆಯೇ ಉಕ್ಕುತ್ತದೆ ಎಂಬ ತಪ್ಪು ಕಲ್ಪನೆ ಬೇರೆ ಸೇರಿಕೊಳ್ಳುತ್ತದೆ.

ಅದರ ಬದಲು ಜೇಡಿಮಣ್ಣಿನ ಉಂಡೆಯೊಂದನ್ನು ನೀರಿಗೆ ಹಾಕಿ ಮುಳುಗುವುದನ್ನು ತೋರಿಸಿ, ಅದೇ ಮಣ್ಣನ್ನು ತೇಲುವಂತೆ ಮಾಡಿ ಎಂದು ಹೇಳಿ ಬಿಟ್ಟುಬಿಡಿ. ಭಾರವಾದದ್ದು ಮುಳುಗುತ್ತದೆ, ಹಗುರವಾದದ್ದು ತೇಲುತ್ತದೆ ಎಂಬುದು ಈ ವಯಸ್ಸಿನ ಮಕ್ಕಳ ಗಟ್ಟಿ ನಂಬಿಕೆ. ಮಣ್ಣನ್ನು ಸ್ವಲ್ಪವೂ ಕಡಿಮೆ ಮಾಡದೆ ದೋಣಿಯಂತೆ ಅಂಚು ಎತ್ತಿ ತೇಲಿಸಿದಾಗ ಆ ನಂಬಿಕೆ ಅಲುಗಾಡುತ್ತದೆ. ದೊಡ್ಡ ಮರದ ತುಂಡು ತೇಲುವುದನ್ನೂ ಪುಟ್ಟ ಕಲ್ಲು ಮುಳುಗುವುದನ್ನೂ ಅದರ ಜೊತೆಗೆ ಇಡಿ. ಸಾಂದ್ರತೆ ಎಂಬ ಪದವನ್ನು ಎತ್ತಬೇಡಿ. "ಆಕಾರ ಬದಲಾದರೆ ಮುಳುಗುವುದೂ ತೇಲಬಹುದು, ವಸ್ತು ಯಾವುದರಿಂದ ಆಗಿದೆ ಎಂಬುದೂ ಮುಖ್ಯ" ಎಂಬಲ್ಲಿಗೆ ತಲುಪಿದರೆ ಆ ವರ್ಷದ ಕೆಲಸ ಸಾರ್ಥಕ.

ಉತ್ತರ ತಿಳಿಯದಿದ್ದಾಗ "ನನಗೂ ಗೊತ್ತಿಲ್ಲ, ಹೇಗೆ ತಿಳಿದುಕೊಳ್ಳಬಹುದು ನೋಡೋಣ" ಎನ್ನುವುದರಿಂದ ಶಿಕ್ಷಕರ ಗೌರವ ಕುಂದುವುದಿಲ್ಲ. ಮಾಡಿ ನೋಡಬಹುದಾದ ಪ್ರಶ್ನೆಯಾಗಿದ್ದರೆ ಮಾಡಿ ನೋಡಿ, ಅಲ್ಲದಿದ್ದರೆ ಪುಸ್ತಕ ತೆರೆದು ಮಕ್ಕಳೊಂದಿಗೇ ಓದಿ. ಕಲ್ಪಿಸಿಕೊಂಡ ಕಾರಣವನ್ನು ಮಾತ್ರ ಹೇಳಬೇಡಿ. ಋತುಗಳು ಬದಲಾಗುವುದು ಸೂರ್ಯ ಹತ್ತಿರ ಅಥವಾ ದೂರವಾಗುವುದರಿಂದ ಎಂದು ಬಾಲ್ಯದಲ್ಲಿ ಕೇಳಿದವರು ದೊಡ್ಡವರಾದ ಮೇಲೂ ಹಾಗೆಯೇ ನಂಬಿರುವುದನ್ನು ನಾನು ಪದವಿ ತರಗತಿಗಳಲ್ಲಿ ಕಾಣುತ್ತೇನೆ. ಭೂಮಿ ಸೂರ್ಯನಿಗೆ ಅತಿ ಹತ್ತಿರವಿರುವುದು ಜನವರಿಯ ಮೊದಲ ವಾರದ ಆಸುಪಾಸಿನಲ್ಲಿ, ಅಂದರೆ ಉತ್ತರಾರ್ಧಗೋಳದಲ್ಲಿ ಚಳಿಗಾಲವಿರುವಾಗ, ಎಂದರೆ ಅವರಿಗೆ ನಂಬಲಾಗುವುದಿಲ್ಲ.

ವಿಶೇಷ ಶಿಕ್ಷಣದ ಶಿಕ್ಷಕಿ

ಇಲ್ಲಿಯವರೆಗಿನ ಮಾತುಗಳಲ್ಲಿ ನೋಡುವುದು ಎಂದರೆ ಕಣ್ಣಿನಿಂದ ನೋಡುವುದು ಎಂಬಂತೆ ಬಂದಿದೆ. ದೃಷ್ಟಿದೋಷವಿರುವ ಮಗು ತರಗತಿಯಲ್ಲಿದ್ದರೆ ಬೀಜದ ಮೊಳಕೆಯನ್ನು ಬೆರಳಿನಿಂದ ಮುಟ್ಟಿ ಅಳೆಯಬಹುದು, ದಾರದ ತುಂಡುಗಳನ್ನು ಅದರ ಉದ್ದಕ್ಕೆ ಕತ್ತರಿಸಿ ರಟ್ಟಿನ ಮೇಲೆ ಸಾಲಾಗಿ ಅಂಟಿಸಿದರೆ ಬೆಳವಣಿಗೆಯ ನಕ್ಷೆ ಕೈಗೆ ಸಿಗುತ್ತದೆ. ಉಳಿದ ಮಕ್ಕಳಿಗೂ ಆ ನಕ್ಷೆ ಸಂಖ್ಯೆಗಳ ಪಟ್ಟಿಗಿಂತ ಬೇಗ ಅರ್ಥವಾಗುತ್ತದೆ. ಮಾತು ಕಷ್ಟವಾಗಿರುವ ಮಗುವಿನ ಊಹೆಯನ್ನು ಚಿತ್ರದ ಕಾರ್ಡು ತೋರಿಸಿ ಕೇಳಬಹುದು. ಮಗು ಊಹೆ ಹೇಳಲಿಲ್ಲ ಎಂದರೆ ಅದಕ್ಕೆ ಊಹೆಯೇ ಇಲ್ಲ ಎಂದು ತಿಳಿಯಬೇಡಿ.

ಶಿಕ್ಷಕರ ತರಬೇತಿಯಲ್ಲಿ ತೊಡಗಿರುವವರು

ಈ ಮಾತಿಗೆ ನಾನು ಸೇರಿಸಬೇಕಾದದ್ದು ಕಾಯುವ ಬಗ್ಗೆ. ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಾರೆ ಎಂದು ಕಂಡುಕೊಂಡರು. ಅದನ್ನು ಮೂರು ಸೆಕೆಂಡು ಅಥವಾ ಹೆಚ್ಚಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಹಿಂದೆ ಮಾತನಾಡದಿದ್ದವರೂ ಮಾತನಾಡಿದರು, ಮಕ್ಕಳು ತಾವೇ ಹೆಚ್ಚು ಪ್ರಶ್ನೆಗಳನ್ನು ಕೇಳಿದರು. ಮಗು ಉತ್ತರ ಕೊಟ್ಟ ಮೇಲೂ ಅಷ್ಟೇ ಹೊತ್ತು ಕಾಯುವುದು ಇನ್ನೂ ಮುಖ್ಯ. ತಕ್ಷಣ "ಸರಿ" ಅಥವಾ "ತಪ್ಪು" ಎಂದರೆ ಮಗುವಿನ ಆಲೋಚನೆ ಅಲ್ಲಿಗೇ ನಿಲ್ಲುತ್ತದೆ, "ಹಾಗೆ ಏಕೆ ಅನಿಸಿತು?" ಎಂದರೆ ಮುಂದುವರಿಯುತ್ತದೆ. ತಪ್ಪು ಉತ್ತರವನ್ನು ತಿದ್ದಬೇಕೆ ಎಂದು ಮೇಡಂ ಮೊದಲೇ ಕೇಳಿದ್ದರು. ತಿದ್ದಬೇಕು, ಆದರೆ ಅವಸರದಲ್ಲಿ ಅಲ್ಲ, ಮತ್ತು ಸಾಧ್ಯವಾದ ಕಡೆಯೆಲ್ಲ ವಸ್ತುವಿನ ಮೂಲಕ ತಿದ್ದಬೇಕು. ಸುರಕ್ಷತೆಯ ವಿಷಯದಲ್ಲಿ ಮಾತ್ರ ತಡಮಾಡದೆ ನೇರವಾಗಿ ಹೇಳಿಬಿಡಬೇಕು.

ನಾವು ಕೇಳುವ ರೀತಿಯೂ ಉತ್ತರವನ್ನು ಬದಲಿಸುತ್ತದೆ. ಒಂದೇ ಸಂಖ್ಯೆಯ ಬಿಲ್ಲೆಗಳ ಎರಡು ಸಾಲುಗಳಲ್ಲಿ ಒಂದನ್ನು ಹರಡಿದರೆ, ಚಿಕ್ಕ ಮಕ್ಕಳು ಅದರಲ್ಲಿ ಹೆಚ್ಚು ಬಿಲ್ಲೆಗಳಿವೆ ಎನ್ನುವುದನ್ನು ಜಾನ್ ಪಿಯಾಜೆ ತೋರಿಸಿದ್ದರು. ಜೇಮ್ಸ್ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ 1970ರ ದಶಕದಲ್ಲಿ ಅದೇ ಸಾಲನ್ನು ಒಂದು ತುಂಟ ಗೊಂಬೆ ಬಂದು ಕದಡಿದಂತೆ ಮಾಡಿದಾಗ, ಸಂಖ್ಯೆ ಬದಲಾಗಿಲ್ಲ ಎಂದು ಸರಿಯಾಗಿ ಹೇಳಿದ ಮಕ್ಕಳು ಬಹಳ ಹೆಚ್ಚಾದರು. ದೊಡ್ಡವರೇ ಬದಲಾಯಿಸಿ ಮತ್ತೆ ಅದೇ ಪ್ರಶ್ನೆ ಕೇಳಿದರೆ, ಉತ್ತರವನ್ನೂ ಬದಲಾಯಿಸಬೇಕೇನೋ ಎಂದು ಮಗು ಭಾವಿಸುವ ಸಾಧ್ಯತೆಯಿದೆ. ಆದ್ದರಿಂದ ಮಗುವಿಗೆ ತಿಳಿದಿಲ್ಲ ಎಂದು ತೀರ್ಮಾನಿಸುವ ಮೊದಲು ನಮ್ಮ ಪ್ರಶ್ನೆಯನ್ನು ಇನ್ನೊಮ್ಮೆ ಪರಿಶೀಲಿಸಬೇಕು.

ದೊಡ್ಡ ತರಗತಿಯನ್ನು ನಡೆಸುವ ಶಿಕ್ಷಕರು

ಸುರಕ್ಷತೆಯ ಪ್ರಸ್ತಾಪ ಬಂದಿದ್ದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. ಗುಂಡಿಯಾಕಾರದ ಚಿಕ್ಕ ಬ್ಯಾಟರಿಗಳು ಮತ್ತು ಬಲವಾದ ಪುಟ್ಟ ಅಯಸ್ಕಾಂತಗಳು ಸಣ್ಣ ಮಕ್ಕಳ ತರಗತಿಗೆ ಬರಲೇಬಾರದು. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ತೀವ್ರವಾಗಿ ಸುಡಬಲ್ಲದು. ಒಂದಕ್ಕಿಂತ ಹೆಚ್ಚು ಅಯಸ್ಕಾಂತ ನುಂಗಿದರೆ ಅವು ಒಳಗೇ ಒಂದನ್ನೊಂದು ಸೆಳೆದು ಕರುಳನ್ನು ತೂತುಮಾಡಬಹುದು. ಬಾಯಿಗೆ ಹೋಗದಷ್ಟು ದೊಡ್ಡದಾದ, ಪ್ಲಾಸ್ಟಿಕ್ ಹೊದಿಕೆಯ ಅಯಸ್ಕಾಂತಗಳನ್ನೇ ಬಳಸಿ. ಪ್ರಯೋಗದ ಯಾವ ವಸ್ತುವನ್ನೂ, ಅದು ಸಕ್ಕರೆಯೇ ಆಗಿದ್ದರೂ, ರುಚಿ ನೋಡಬಾರದು ಎಂಬ ನಿಯಮ ಮೊದಲ ದಿನದಿಂದಲೇ ಇರಲಿ. ಭೂತಗನ್ನಡಿಯಿಂದ ಸೂರ್ಯನನ್ನು ನೋಡಬಾರದು, ಬಿಸಿಲಿನಲ್ಲಿ ಅದನ್ನು ಬಿಟ್ಟುಹೋಗಲೂಬಾರದು.

ಮೂರನೇ ತರಗತಿಯ ಮಗುವಿನ ತಂದೆ

ನನ್ನ ಪ್ರಶ್ನೆಗೆ ಗೌರವದಿಂದ ಉತ್ತರಿಸಿದ್ದೀರಿ, ಧನ್ಯವಾದಗಳು. ಕಠಿಣ ಉತ್ತರವನ್ನು ಬೇಗ ಕೊಡುವುದಕ್ಕಿಂತ ತಕ್ಕ ಪ್ರಶ್ನೆಯನ್ನು ಆರಿಸುವುದು ಮುಖ್ಯ ಎಂಬುದನ್ನು ಒಪ್ಪುತ್ತೇನೆ. ಆದರೆ ಮೌಲ್ಯಮಾಪನದ ಬಗ್ಗೆ ಯಾರೂ ಬರೆಯಲಿಲ್ಲ. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿಸುವ ಪ್ರಶ್ನೆಗಳೇ ಬರುವವರೆಗೆ, ಪೋಷಕರಾದ ನಾವು ಮನೆಯಲ್ಲಿ ವಾಕ್ಯಗಳನ್ನೇ ಬಾಯಿಪಾಠ ಮಾಡಿಸುತ್ತೇವೆ. ಮಗು ನಿಜವಾಗಿ ಕಲಿತಿದೆಯೇ ಎಂದು ಮನೆಯಲ್ಲಿ ನಾನು ಹೇಗೆ ತಿಳಿಯಲಿ?

ಮಕ್ಕಳ ಕಲಿಕೆಯ ಬಗ್ಗೆ ಸಂಶೋಧನೆ ಮಾಡುವವರು

ಸರ್, ಚಿತ್ರ ಬರೆಸಿ ನೋಡಿ. ಇರುವೆಯನ್ನು ನೋಡದೆ ಬರೆಯಲು ಹೇಳಿದರೆ ಮಕ್ಕಳು ನಾಲ್ಕು ಕಾಲು, ಎಂಟು ಕಾಲು, ನಗುವ ಮುಖ, ಎಲ್ಲವನ್ನೂ ಬರೆಯುತ್ತಾರೆ. ನಂತರ ಭೂತಗನ್ನಡಿಯಲ್ಲಿ ಇರುವೆಯನ್ನು ನೋಡಿ ಮತ್ತೆ ಬರೆಯಲಿ. ದೇಹಕ್ಕೆ ಮೂರು ಭಾಗ, ಆರು ಕಾಲು, ಆ ಆರೂ ನಡುವಿನ ಭಾಗದಿಂದಲೇ ಹೊರಟಿವೆ, ತಲೆಯ ಮೇಲೆ ಎರಡು ಮೀಸೆಗಳು. ಎರಡು ಚಿತ್ರಗಳನ್ನು ಪಕ್ಕದಲ್ಲಿಟ್ಟರೆ ಕಲಿಕೆ ಎಷ್ಟು ಮುಂದೆ ಹೋಗಿದೆ ಎಂದು ಅಂಕಗಳಿಗಿಂತ ಸ್ಪಷ್ಟವಾಗಿ ಕಾಣುತ್ತದೆ. ಮನೆಯಲ್ಲಿ "ಇವತ್ತು ಏನು ಕಲಿತೆ?" ಎನ್ನುವುದರ ಬದಲು "ಇವತ್ತು ನೀನು ಅಂದುಕೊಂಡದ್ದಕ್ಕಿಂತ ಬೇರೆ ಏನಾಯಿತು?" ಎಂದು ಕೇಳಿ. ಹಗಲಿನಲ್ಲಿ ಚಂದ್ರ ಕಂಡ ದಿನ ನಿಂತು ತೋರಿಸಿ. ಚಂದ್ರ ರಾತ್ರಿ ಮಾತ್ರ ಇರುತ್ತಾನೆ ಎಂದು ಓದಿಕೊಂಡ ಮಗು ತಾನಾಗಿ ತಲೆ ಎತ್ತಿ ನೋಡುವುದು ಅಪರೂಪ.

ಎರಡನೇ ತರಗತಿಯ ಶಿಕ್ಷಕಿ

ಮುಂದಿನ ವಾರ ನೆರಳಿನ ಪಾಠವಿದೆ. ಇಲ್ಲಿ ಓದಿದ್ದರ ಆಧಾರದ ಮೇಲೆ ಹೀಗೆ ಯೋಚಿಸಿದ್ದೇನೆ. ಮೊದಲು ಮಕ್ಕಳು ತಮ್ಮ ನೆರಳಿನ ಚಿತ್ರವನ್ನು ನೆನಪಿನಿಂದ ಬರೆಯಲಿ. ಬೆಳಗ್ಗೆ ಅಂಗಳದಲ್ಲಿ ಒಬ್ಬರ ನೆರಳಿನ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದು, ನಿಂತ ಜಾಗಕ್ಕೆ ಗುರುತು ಹಾಕಿ, ಮಧ್ಯಾಹ್ನ ನೆರಳು ಎಲ್ಲಿಗೆ ಬರುತ್ತದೆ ಎಂಬ ಊಹೆಯನ್ನು ಪ್ರತಿ ಗುಂಪೂ ಒಂದು ಕಲ್ಲಿಟ್ಟು ತೋರಿಸಲಿ. ಮಧ್ಯಾಹ್ನ ಮತ್ತು ಸಂಜೆ ಅದೇ ಮಗು ಅದೇ ಜಾಗದಲ್ಲಿ ನಿಂತು ಮತ್ತೆ ಗೆರೆ ಎಳೆಯೋಣ. ಭೂಮಿ ತಿರುಗುತ್ತದೆ ಎಂಬ ಮಾತನ್ನು ನಾನಾಗಿ ಎತ್ತುವುದಿಲ್ಲ. ಮಗುವೊಂದು ಎತ್ತಿದರೆ ಏನು ಮಾಡಲಿ?

ಭೌತಶಾಸ್ತ್ರದ ಉಪನ್ಯಾಸಕರು

ಎತ್ತಿದ ಮಗುವನ್ನು ತಡೆಯಬೇಡಿ, "ನಿನಗೆ ಅದು ಹೇಗೆ ಗೊತ್ತಾಯಿತು?" ಎಂದು ಕೇಳಿ. ಅಂಗಳದ ಮೂರು ಗೆರೆಗಳಿಂದ ತಿಳಿಯುವುದು ನೆರಳಿನ ದಿಕ್ಕೂ ಉದ್ದವೂ ಬದಲಾಯಿತು, ಆ ಹೊತ್ತಿಗೆ ಆಕಾಶದಲ್ಲಿ ಸೂರ್ಯ ಕಾಣುವ ಜಾಗವೂ ಬದಲಾಗಿತ್ತು ಎಂಬಷ್ಟೇ. ಸೂರ್ಯ ಚಲಿಸಿದರೂ ಭೂಮಿ ತಿರುಗಿದರೂ ಆ ಗೆರೆಗಳು ಹಾಗೆಯೇ ಬೀಳುತ್ತಿದ್ದವು, ಆದ್ದರಿಂದ ಆ ಚರ್ಚೆಯನ್ನು ಅವು ಇತ್ಯರ್ಥ ಮಾಡಲಾರವು. ಭೂಮಿ ತಿರುಗುತ್ತದೆ ಎಂಬುದು ನಿಜ, ಅದಕ್ಕೆ ಬೇರೆ ಸಾಕ್ಷ್ಯಗಳಿವೆ, ದೊಡ್ಡವರಾದಂತೆ ಅವುಗಳನ್ನು ನೋಡುತ್ತೀರಿ ಎಂದು ನೇರವಾಗಿ ಹೇಳಿ. ಒಂದು ಸೂಚನೆ: ಮಧ್ಯಾಹ್ನದ ಗೆರೆಯನ್ನು ಹಾಕುವಾಗ ಸೂರ್ಯನತ್ತ ನೇರವಾಗಿ ನೋಡಬಾರದೆಂದು ಮತ್ತೊಮ್ಮೆ ಹೇಳಿ, ನೆರಳಿನ ವಿರುದ್ಧ ದಿಕ್ಕಿಗೆ ಕೈ ಚಾಚಿದರೆ ಸೂರ್ಯ ಯಾವ ಕಡೆಗಿದ್ದಾನೆ ಎಂದು ನೋಡದೆಯೇ ತಿಳಿಯುತ್ತದೆ ಎಂಬುದನ್ನು ಅವರಿಗೇ ಕಂಡುಕೊಳ್ಳಲು ಬಿಡಿ.